ಪ್ಯಾರಾಚೂಟ್ ಮಡಿಸುವ ಹಕ್ಕು

ಹಾರ್ಲನ್‌ನ ಕಾಲು ಅಂದು ನೆಲದ ಮೇಲಿರಲಿಲ್ಲ. ನಾಡೀನ್ ತನ್ನ ಸತ್ತ ಗಂಡ ರಸೆಲ್‌ನ ರಾಕೆಟ್ ಕ್ಲಬ್ಬಿನ ಟೋಪಿಯನ್ನು ಬೆಳಿಗ್ಗೆ ತಾನೇ ತಂದು ಅವನ ತಲೆಗಿಟ್ಟಿದ್ದಳು. ಟೋಪಿ ತುಸು ದೊಡ್ಡದು, ಕಿವಿಯವರೆಗೆ ಜಾರುತ್ತಿತ್ತು. ಜಾರಿದರೆ ಜಾರಲಿ, ಬಕ್ಕ ತಲೆಗೆ ನೆರಳಾಯಿತಲ್ಲ!

"ಬ್ರಿಟಾ ಒಪ್ಪಿದ್ರೆ ಮದುವೆ. ಅವಳು ಬೇಡ ಅಂದ್ರೆ ಬೇಡ, ಆಮೇಲೆ ನನ್ನ ಹತ್ರ ಗೋಗರೀಬೇಡ," ಎಂದು ನಾಡೀನ್ ಚಳಿಗಾಲದಲ್ಲೇ ಹೇಳಿಬಿಟ್ಟಿದ್ದಳು. ಅಂದಿನಿಂದ ಅವಳ ಆ ಹದಿನಾಲ್ಕರ ಮಗಳ ಮನಸ್ಸು ಗೆಲ್ಲಲು ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಹವ್ಯಾಸಕ್ಕೆ ಹಾರಿಸುವ ಆಟದ ರಾಕೆಟ್ಟಿನ ರೆಕ್ಕೆಗಳಿಗೆ ಅಂಟು ಬಳಿದ, ಮರಳುಕಾಗದ ಉಜ್ಜಿದ, ಕ್ಯಾನ್ಸಸ್‌ನ ಸುಡುಬಿಸಿಲಲ್ಲಿ ಗೋಧಿ ಕೂಳೆ ತುಳಿದು, ಬಿದ್ದ ರಾಕೆಟ್ಟುಗಳನ್ನು ಹೆಕ್ಕಿ ತಂದ. ಎಲ್ಲ ಮಾಡಿದರೂ ಪ್ಯಾರಾಚೂಟ್ ಮಾತ್ರ ಮುಟ್ಟುವಂತಿರಲಿಲ್ಲ. ಅದನ್ನು ಮಡಿಸುವವರು ಮನೆಯವರೇ ಆಗಬೇಕು. ಅದು ರಸೆಲ್ ಮಾಡಿಟ್ಟ ಕಟ್ಟಳೆ.

ಇವತ್ತು, ಕ್ಲಬ್ಬಿನವರೆಲ್ಲ ಸೇರಿದ್ದ ದನ ಮೇಯುವ ಬಯಲಿನಲ್ಲಿ, ಬ್ರಿಟಾ ರಸೆಲ್‌ನ ಕೊನೆಯ ರಾಕೆಟ್ಟನ್ನು ಹೊರತೆಗೆದಳು. ಅಪ್ಪ ಮಗಳು ಕೂಡಿ ಕಟ್ಟಿದ, ಅವಳ ಭುಜದೆತ್ತರದ ಕೆಂಪು ರಾಕೆಟ್ಟು. ಪ್ಯಾರಾಚೂಟನ್ನು ಹಾರ್ಲನ್ ಕಡೆ ಚಾಚಿ, "ನೀನೇ ಮಡಿಸು," ಎಂದಳು.

"ನಾನಾ?"

"ಇನ್ಯಾರು? ಪಕ್ಕದ್ಮನೆ ನಾಯೀನಾ?"

ನಾಡೀನ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ತುಂಬಿತ್ತು.

ಹಾರ್ಲನ್ ಮೊದಲು ಬೆಂಕಿ ಹತ್ತದ ಕಾಗದವನ್ನು ಉಂಡೆ ಉಂಡೆ ಮಾಡಿ ಕೊಳವೆಯೊಳಗೆ ತುರುಕಿದ. ರಾಕೆಟ್ಟು ಹಾರಾಟದ ತುದಿ ಮುಟ್ಟಿದಾಗ ಮೋಟರು ಇನ್ನೊಮ್ಮೆ ಸಿಡಿದು ಪ್ಯಾರಾಚೂಟನ್ನು ಹೊರದಬ್ಬುತ್ತದೆ. ಆ ಬೆಂಕಿಗೂ ತೆಳು ಪ್ಲಾಸ್ಟಿಕ್ಕಿಗೂ ನಡುವೆ ಇರುವುದು ಈ ಕಾಗದವೊಂದೇ.

"ಪೌಡರ್ ಹಾಕಿಲ್ಲ ನೀನು. ಪದರ ಅಂಟ್ಕೊಂಡ್ರೆ ಬಿಚ್ಚೋದೇ ಇಲ್ಲ," ಎಂದಳು ಬ್ರಿಟಾ. "ಡಬ್ಬಿ ಕಾರಲ್ಲಿದೆ. ಓಡು, ಓಡು."

ಮಗುವಿನ ಮೈಗೆ ಹಚ್ಚುವ ಪೌಡರು. ಹಾರ್ಲನ್ ಓಡಿಹೋಗಿ ತಂದ. ಪದರ ಪದರಕ್ಕೂ ಹಾಕಿ, ನಾಜೂಕಾಗಿ ಮಡಿಸಿ, ಒಳಗಿಳಿಸಿ, ಮೂತಿ ಕೂರಿಸಿದ. ರಾಕೆಟ್ಟನ್ನು ಬಿಟ್ಟು ಕದಲಿದವನು ಮರಳಿ ಬಂದ ಮೇಲೆ ಕೊಳವೆಯೊಳಗೆ ಇನ್ನೊಮ್ಮೆ ಇಣುಕಬೇಕು. ಈ ಕ್ಲಬ್ಬಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪಾಠ. ಖುಷಿಯಲ್ಲಿದ್ದ ಮನುಷ್ಯ ಇಣುಕಲಿಲ್ಲ.

ಗುಂಡಿ ಒತ್ತಿದವಳು ಬ್ರಿಟಾ. ರಾಕೆಟ್ಟು ಸುಯ್ಯೆಂದು ಏರಿ ಚುಕ್ಕಿಯಾಯಿತು. ಮೇಲೆ ಟಪ್ ಎಂದಿತು. ಪ್ಯಾರಾಚೂಟಿನ ಬದಲು ಒಂದು ಮುದ್ದೆ ಹೊರಬಿತ್ತು.

"ತಲೆ ಜೋಪಾನ! ಮೇಲೆ ನೋಡಿ!" ಎಂದು ಕ್ಲಬ್ಬಿನವರು ಕೂಗಿ ಬೆರಳು ತೋರಿಸಿದರು. ರಾಕೆಟ್ಟು ನೆಟ್ಟಗೆ ಬಂದು ದನಗಾವಲಿನ ಗಟ್ಟಿ ನೆಲಕ್ಕೆ ಅಪ್ಪಳಿಸಿತು.

ಮೊದಲು ಓಡಿ ತಲುಪಿದವರು ಹಾರ್ಲನ್ ಮತ್ತು ಬ್ರಿಟಾ. ಕೊಳವೆ ಸೀಳಿಹೋಗಿತ್ತು, ರೆಕ್ಕೆಗಳು ಚೂರಾಗಿದ್ದವು. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ನಿಜವಾದ ಅಳು. ಅಳುತ್ತಲೇ ಚಡ್ಡಿಯ ಜೇಬಿಗೆ ಕೈಹಾಕಿ ಅವನು ತುರುಕಿದ್ದ ಕಾಗದದ ಉಂಡೆಗಳನ್ನು ತೆಗೆದು ಅವನಿಗೆ ತೋರಿಸಿದಳು.

"ಅಮ್ಮನಿಗೆ ಹೇಳ್ತೀಯಾ? ಹೇಳು."

"ಇದು ನಿಮ್ಮಪ್ಪಂದು ಕಣೇ!" ಹಾರ್ಲನ್ ಸೀಳಿದ ಕೊಳವೆಯನ್ನು ಎತ್ತಿ ಹಿಡಿದ.

"ಗೊತ್ತು. ಬೇರೆ ಯಾವ್ದಾದ್ರೂ ಆಗಿದ್ರೆ ಅಮ್ಮ ನಿನ್ನನ್ನ ಕ್ಷಮಿಸಿಬಿಡ್ತಿದ್ಲು."

ಅವಳು ಉಂಡೆಗಳನ್ನು ಮತ್ತೆ ಜೇಬಿಗೆ ಸೇರಿಸುವಷ್ಟರಲ್ಲಿ ನಾಡೀನ್ ಏದುಸಿರು ಬಿಡುತ್ತಾ ಬಂದಳು. ಕರಗಿದ ಮುದ್ದೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ರಾಕೆಟ್ಟುಗಳ ನಡುವೆ ಬಾಳಿದ ಹೆಂಗಸಿಗೆ ಬಿಡಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ.

"ಕಾಗದ ಹಾಕಿದ್ಯಾ?"

ಹಾರ್ಲನ್ ಹುಡುಗಿಯ ಜೇಬಿನ ಉಬ್ಬನ್ನು ನೋಡಿದ. ಕೈಹಾಕಿ ಎಳೆದರೆ ಮುಗಿಯಿತು. ಆದರೆ ಈಗ ಇವಳನ್ನು ಕಾಪಾಡಿದರೆ ಇವಳು ಜನ್ಮದಲ್ಲಿ ಮರೆಯಲಾರಳು ಎಂದು ಆ ದಡ್ಡನಿಗೆ ಅನ್ನಿಸಿತು. ಒಳ್ಳೆಯತನದ ಮೇಲೆ ಅವನಿಗೆ ಅಷ್ಟು ಭರವಸೆ.

"ಮರೆತೆ," ಎಂದ.

"ಮರೆತೆ!" ನಾಡೀನ್ ಮುಖ ಕಲ್ಲಾಯಿತು. "ಮಗು ನಿನ್ನನ್ನ ನಂಬಿ ಕೊಟ್ಟಿತ್ತು ಹಾರ್ಲನ್. ಅವಳ ಹತ್ರ ಉಳಿದಿದ್ದೇ ಅದೊಂದು. ಇನ್ನು ನೀನು ಅವಳ ಕಣ್ಣಿಗೆ ಬೀಳ್ಬೇಡ. ನನ್ನ ಕಣ್ಣಿಗೂ." ಅವಳು ಮಗಳನ್ನು ತಬ್ಬಿಕೊಂಡು ಕಾರಿನ ಕಡೆ ನಡೆದಳು.

ಹಾರ್ಲನ್ ಚೂರುಗಳನ್ನು ಆರಿಸುತ್ತಾ ಅಲ್ಲೇ ಕುಕ್ಕರಿಸಿದ. ಸ್ವಲ್ಪ ಹೊತ್ತಿಗೆ ಹಿಂದೆ ಓಡಿಬರುವ ಹೆಜ್ಜೆಸದ್ದು. ಬ್ರಿಟಾ! ಅವನ ಎದೆ ಹಿಗ್ಗಿತು. ಎದ್ದು ನಿಂತು, ಅವಳು ಬಾಯಿ ತೆರೆಯುವ ಮೊದಲೇ, "ಪರ್ವಾಗಿಲ್ಲ ಪುಟ್ಟಿ, ನಾನು ಯಾರಿಗೂ ಹೇಳಲ್ಲ," ಎಂದ.

ಬ್ರಿಟಾ ಕೈ ಚಾಚಿದಳು.

"ಟೋಪಿ," ಎಂದಳು. "ಅದು ನಮ್ಮಪ್ಪಂದು."

ಅವನು ತೆಗೆದು ಕೊಟ್ಟ. ಅವಳು ಅದರ ಒಳಗಿನ ಬೆವರನ್ನು ಅಂಗಿಯ ಅಂಚಿಗೆ ಚೆನ್ನಾಗಿ ಒರೆಸಿ, ತಲೆಗೆ ಹಾಕಿಕೊಂಡು ಹೋದಳು.