ಊರಿಗೆಲ್ಲ ಒಬ್ಬನ ಸಹಿ

ಜಂಬ ಕೊಚ್ಚಿಕೊಳ್ಳುತ್ತಿದ್ದಾನೆ ಅಂದುಕೊಂಡರೂ ಸರಿ, ಇದ್ದದ್ದನ್ನು ಹೇಳಿಬಿಡುತ್ತೇನೆ. ಮಧುಗಿರಿಯ ಪರ್ವತಯ್ಯನವರ ಪಾರ್ಸಲ್ ಸರ್ವೀಸಿನಲ್ಲಿ ನನ್ನಷ್ಟು ಬೇಗ ಪಾವಗಡದ ಸುತ್ತು ಮುಗಿಸಿದ ಡ್ರೈವರ್ ಇನ್ನೊಬ್ಬನಿರಲಿಲ್ಲ. ನನಗಿಂತ ಮೊದಲು ಅಲ್ಲಿನ ಮೆಟಡೋರ್ ವ್ಯಾನ್ ಓಡಿಸುತ್ತಿದ್ದ ಲಕ್ಷ್ಮಯ್ಯ ಬೆಳಗ್ಗೆ ಏಳಕ್ಕೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನಾನು ಮೂರಕ್ಕೆಲ್ಲ ವಾಪಸ್. ಇದು ೧೯೮೨ರ ಮಾತು.

ಜೋರಾಗಿ ಓಡಿಸಿಯಲ್ಲ, ತಲೆ ಓಡಿಸಿ. ಕೊನೆಯ ಊರಿನ ಗಂಟುಗಳನ್ನು ಮೊದಲು ತುಂಬುವುದು, ಮೊದಲ ಊರಿನವು ಬಾಗಿಲ ಹತ್ತಿರ. ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ಊರೊಳಗೆ ವ್ಯಾನ್ ತಿರುಗಿಸಲೇಬಾರದು. ರಸ್ತೆಬದಿಯ ಅಂಗಡಿಯಲ್ಲಿ ಇಡೀ ಊರಿನ ಪಾರ್ಸಲ್ ಇಳಿಸುವುದು. ಡೆಲಿವರಿ ಪುಸ್ತಕದಲ್ಲಿ ಪಾರ್ಸಲಿಗೊಂದು ಸಾಲು, ಎಲ್ಲ ಸಾಲಿಗೂ ಅಂಗಡಿಯವನದೇ ಸಹಿ. ಬೇಕಾದವರು ಬಂದು ಒಯ್ಯುತ್ತಾರೆ. ಉಳಿದ ಡೀಸೆಲ್ ನೋಡಿ ಪರ್ವತಯ್ಯನವರು ನನಗೊಂದು ಎಚ್‌ಎಂಟಿ ವಾಚು ಕೊಟ್ಟರು. ಅದನ್ನು ಕಟ್ಟಿಕೊಂಡ ಮೇಲೆ ನನ್ನ ಗತ್ತು ಕೇಳಬೇಡಿ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ನಿಮಿಷ ಎಂದು ನಿದ್ದೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದೆ.

ಅಕ್ಟೋಬರಿನ ಒಂದು ಗುರುವಾರ. ನಿಡುಗಲ್ ಬೆಟ್ಟ ದಾಟಿದ ಮೇಲೆ ಬರುವ ಒಂದು ಊರಿನಲ್ಲಿ ಚೌಡಯ್ಯನ ಅಂಗಡಿ ನನ್ನ ಠಿಕಾಣಿ. ಅಂಗಡಿ ಇನ್ನೂ ನೂರು ಗಜ ಇರುವಾಗಲೇ ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳು ರಸ್ತೆ ಮಧ್ಯೆ ನಿಂತು ಕೈ ಅಡ್ಡ ಹಿಡಿದಳು. ಕೆರೆಯಾಚೆ ಹರಿಜನ ಕಾಲೋನಿಯ ಕದಿರಯ್ಯನ ಮಗಳಂತೆ, ಹೆಸರು ಈಶ್ವರಮ್ಮ.

"ಅಣ್ಣಾ, ನಮ್ಮಣ್ಣ ತುಮಕೂರಿಂದ ಮೂರ್ ಸಲ ಪುಸ್ತಕ ಕಳ್ಸವ್ನೆ. ಎಲ್ಲೋದ್ವು?"

ನನಗೆ ಸಿಟ್ಟು ಬಂತು. ನನ್ನ ವ್ಯಾನಿನಿಂದ ಒಂದು ಸೂಜಿಯೂ ಕಳೆದದ್ದಿಲ್ಲ. ಡೆಲಿವರಿ ಪುಸ್ತಕ ತೆಗೆದು ತೋರಿಸಿದೆ. ಜುಲೈಯಲ್ಲಿ ಒಂದು, ಆಗಸ್ಟಿನಲ್ಲಿ ಒಂದು, ಸೆಪ್ಟೆಂಬರಿನಲ್ಲಿ ಒಂದು. ಮೂರಕ್ಕೂ ಚೌಡಯ್ಯನ ಸಹಿ.

"ನೋಡ್ಕಳಮ್ಮ, ಇಲ್ಲೈತೆ. ನನ್ ಟೈಮ್ ಹಾಳ್ ಮಾಡ್ಬ್ಯಾಡ."

ಅವಳು ಮಡಿಸಿದ ಕಾಗದವೊಂದನ್ನು ಬಿಡಿಸಿ ನನ್ನ ಮುಂದೆ ಹಿಡಿದಳು. ಗಣಿತದ ಗೈಡಿನಿಂದ ಹರಿದ ಹಾಳೆ, ಪುಟ ನಲವತ್ತೇಳು. ಮೆಣಸಿನಪುಡಿಯ ಘಾಟು ಮೂಗಿಗೆ ಬಡಿಯಿತು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: 'ಈಶ್ವರಿ, ಈ ಲೆಕ್ಕ ಬಂದೇ ಬರುತ್ತೆ, ಚೆನ್ನಾಗಿ ಮಾಡು.'

"ಬೆಳಗ್ಗೆ ನಮ್ಮವ್ವ ಅಂಗಡೀಲಿ ಮೆಣಸಿನ್ಪುಡಿ ತಂದ್ಲು. ಇದ್ರಾಗೆ ಕಟ್ಕೊಟ್ಟವ್ರೆ. ಇದು ನಮ್ಮಣ್ಣನ್ ಕೈಬರಹ."

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಇಂಗ್ಲಿಷ್, ಗಣಿತ ಎರಡೂ ಹೋಗಿದ್ದವು. ಸೋಮವಾರ ಇಂಗ್ಲಿಷ್ ಪರೀಕ್ಷೆ, ಬುಧವಾರ ಗಣಿತ. ಪಾಸಾದರೆ ಈ ವರ್ಷವೇ ನರ್ಸ್ ಟ್ರೈನಿಂಗಿಗೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಒಂದು ವರ್ಷ ಹೋದಂತೆ.

"ನಿಮ್ಮಪ್ಪ ಅಂಗಡೀಲಿ ಕೇಳ್ಲಿಲ್ವಾ?"

"ವಾರ್ವಾರ್ಲೂ ಓಗಿ ಜಗಲಿ ಕೆಳಗೆ ನಿಂತ್ಕತಾನೆ. ಜನ ಅವ್ರೆ, ಆಮ್ಯಾಕ್ ಬಾ ಅಂತಾರೆ. ಜಗಲಿ ಹತ್ತಂಗಿಲ್ಲ, ಒಳೀಕ್ ಬಗ್ಗಿ ನೋಡಂಗಿಲ್ಲ." ಕೆರೆಯ ಕಡೆ ಕೈ ತೋರಿಸಿ ಕೇಳಿದಳು, "ಇಲ್ಲಿಂದ ನಮ್ಮನೆಗೆ ನಿಮ್ ವ್ಯಾನ್ನಾಗೆ ಎಷ್ಟೊತ್ತಣ್ಣ?"

ನಾನು ವಾಚು ನೋಡಿಕೊಂಡೆ. ಆ ಕಡೆ ಒಂದು ದಿನವೂ ಹೋಗಿರಲಿಲ್ಲ. ನನಗೆ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಚೌಡಯ್ಯ ಸ್ವಲ್ಪವೂ ಮುಜುಗರಪಡಲಿಲ್ಲ. "ಓ, ಅವಾ? ಉಪ್ಪಿನ್ ಮೂಟೆ ಹಿಂದ್ಗಡೆ ಅವೆ ನೋಡು. ಒಂದ್ ಬಿಚ್ಕಂಡಿತ್ತು, ಹಳೇ ಪುಸ್ತಕ ಅಂದ್ಕಂಡು ಪೊಟ್ಟಣಕ್ಕಾಕ್ದೆ."

"ಕದಿರಯ್ಯಂಗ್ಯಾಕ್ ಕೊಡ್ಲಿಲ್ಲ?"

"ಯಾಪಾರ ಬುಟ್ಟು ಕೆಳಕ್ಕಿಳ್ದು ಅವಂಗ್ ಯಾರ್ ಕೊಡ್ತಾರೆ? ನಿನ್ ಟೈಮ್ ಉಳೀಲಿ ಅಂತ ತಾನೆ ನಾನು ಸೈನ್ ಹಾಕಿದ್ದು, ಗಿರಿಯಪ್ಪಾ?"

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಆ ಜಗಲಿಯನ್ನು ಯಾರು ಹತ್ತಬಹುದು, ಯಾರು ಹತ್ತಬಾರದು ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಮ್ಮ ಗೊಲ್ಲರಹಟ್ಟಿಯ ಬೇಲಿಯೊಳಗೂ ಹರಿಜನರನ್ನು ಬಿಡುತ್ತಿರಲಿಲ್ಲ. ಗೊತ್ತಿದ್ದೇ ಆ ಅಂಗಡಿಯನ್ನು ಆರಿಸಿದ್ದೆ. ಎರಡು ಕಟ್ಟುಗಳನ್ನು ನಾನೇ ಎತ್ತಿಕೊಂಡು ಬಂದು ವ್ಯಾನಿಗಿಟ್ಟು, ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಹೊರಟೆ. ಕಾಲೋನಿ ಮುಟ್ಟಿದಾಗ ವಾಚು ನೋಡಿದೆ. ನಾಲ್ಕು ನಿಮಿಷ.

ಕದಿರಯ್ಯ ತಲೆಯ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, "ನೀವ್ಯಾಕೆ ಬರಾಕೋದ್ರಿ ಸಾಮೀ" ಎಂದ. ನನಗೆ ಇನ್ನಷ್ಟು ಕಸಿವಿಸಿಯಾಯಿತು. ಡೆಲಿವರಿ ಪುಸ್ತಕದಲ್ಲಿ ಚೌಡಯ್ಯನ ಮೂರು ಸಹಿಗಳನ್ನೂ ಹೊಡೆದುಹಾಕಿ ಈಶ್ವರಮ್ಮನ ಕೈಗೆ ಪೆನ್ನು ಕೊಟ್ಟೆ. ಎರಡು ಸಾಲಿಗೆ ದುಂಡಗೆ ಹೆಸರು ಬರೆದಳು. ಮೂರನೆಯದಕ್ಕೆ ಪೆನ್ನು ವಾಪಸ್ ಕೊಟ್ಟಳು.

"ಇದು ಬಂದಿಲ್ಲ."

ಶನಿವಾರ ನನಗೆ ರಜ. ಮಧುಗಿರಿಯಲ್ಲಿ ಅದೇ ಗೈಡು ಕೊಂಡು, ಬಸ್ಸು ಹಿಡಿದು ಹೋಗಿ, ಕೆರೆ ಏರಿಯ ಮೇಲೆ ನಡೆದು ಕೊಟ್ಟು ಬಂದೆ. ಅವಳು ಮೊದಲು ತೆರೆದದ್ದು ನಲವತ್ತೇಳನೆಯ ಪುಟವನ್ನು. ಅಂಚಿನಲ್ಲಿ ಏನೂ ಇರಲಿಲ್ಲ. ಮುಚ್ಚಿ ಎದೆಗಾನಿಸಿಕೊಂಡಳು. ನಾನು ಜೊತೆಗೆ ತಂದಿದ್ದ ಡೆಲಿವರಿ ಪುಸ್ತಕ ತೆಗೆದು ಆ ಖಾಲಿ ಸಾಲನ್ನು ತೋರಿಸಿದೆ.

"ಅದು ಇನ್ನೂ ಬಂದಿಲ್ಲ ಕಣಣ್ಣ," ಎಂದಳು. "ಇದು ಬ್ಯಾರೆ. ಇದಕ್ಕೆ ಬ್ಯಾರೆ ಸಾಲು ಬರ್ಕಳಿ."

ಬರೆದುಕೊಂಡೆ. ಅದಕ್ಕೆ ಸಹಿ ಹಾಕಿದಳು.

ಇಂಗ್ಲಿಷ್ ಪಾಸಾಯಿತು. ಗಣಿತದಲ್ಲಿ ಇಪ್ಪತ್ತೊಂಬತ್ತು, ಇನ್ನು ಆರು ಅಂಕ ಬೇಕಿತ್ತು. ಮಾರ್ಚಿನಲ್ಲಿ ಮತ್ತೆ ಕೂತು ಪಾಸು ಮಾಡಿದಳು, ಟ್ರೈನಿಂಗಿಗೆ ಒಂದು ವರ್ಷ ತಡವಾಗಿ ಹೋದಳು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಗುರುವಾರದಿಂದಾಚೆಗೆ ಆ ಊರಲ್ಲಿ ನನ್ನ ವ್ಯಾನ್ ಮೊದಲು ಕಾಲೋನಿಗೆ ಹೋಗುತ್ತಿತ್ತು, ಆಮೇಲೆ ಅಂಗಡಿಗೆ. ಹೋಗಲು ನಾಲ್ಕು ನಿಮಿಷ, ಬರಲು ನಾಲ್ಕು. ಪರ್ವತಯ್ಯನವರು ಕೇಳಿದರೆ ಹೇಳಲೆಂದು ಉತ್ತರವನ್ನು ತಯಾರು ಮಾಡಿಟ್ಟುಕೊಂಡಿದ್ದೆ, ಬೇಕಾದರೆ ವಾಚು ಬಿಚ್ಚಿ ಕೊಡಲೂ ಸಿದ್ಧನಿದ್ದೆ. ಇನ್ನೂ ಏಳು ವರ್ಷ ಅದೇ ವ್ಯಾನ್ ಓಡಿಸಿದೆ. ಯಾಕೆ ಎಂಟು ನಿಮಿಷ ತಡ ಎಂದು ಅವರು ಒಂದು ದಿನವೂ ಕೇಳಲಿಲ್ಲ.