ಮುಖದಲ್ಲಿ ಬೆಳಕಿತ್ತು

ನೀರಮ್ಮನನ್ನು ನಿಜವಾದ ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಾಕಿ ಎರೆಯುವವಳು ಅವಳು, ಕಣ್ಣು ಮಂಜಾದ ಮುದುಕಿಯರ ಉಗುರು ತೆಗೆಯುವವಳು ಅವಳು, ಹೆಂಗಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುವವಳೂ ಅವಳೇ. ಎಲ್ಲದಕ್ಕೂ ನೀರು ಬೇಕಲ್ಲ, ಹಾಗಾಗಿ ನೀರಮ್ಮ.

ತನ್ನ ಕೆಲಸದಲ್ಲಿ ಅವಳು ಬಹಳ ಕಟ್ಟುನಿಟ್ಟು. ಶುಕ್ರವಾರ ಬೆಳಗ್ಗೆ ಅವಳ ಜಗಲಿಯ ಮೇಲೆ ಮಕ್ಕಳು ಉಗುರು ತೆಗೆಸಿಕೊಳ್ಳಲು ಸಾಲಾಗಿ ಕೈ ಚಾಚಿ ಕೂರುತ್ತಿದ್ದವು. ಬಲಗೈಯಿಂದ ಶುರು, ತುದಿಯಲ್ಲಿ ಒಂದೆಳೆ ಬಿಳಿ ಉಳಿಯಬೇಕು, ಕತ್ತರಿಸಿದ ಚೂರು ಮಣ್ಣಿಗೆ ಸೇರಬೇಕು. ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದ ಹುಡುಗಿಯರನ್ನು, "ನಮಾಜಿಗೆ ಮೊದಲು ಇದನ್ನ ತೆಗೀತೀಯೋ, ಉಗುರಿಗೆ ತಾಗೋಕೆ ಬಂದ ನೀರನ್ನ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತೀಯೋ?" ಎಂದು ಛೇಡಿಸುತ್ತಿದ್ದಳು. ಹುಬ್ಬು ತಿದ್ದಿಕೊಡು ಎಂದರೆ, "ಅದು ಅಲ್ಲಾಹ್ ಬರೆದಿದ್ದು, ನನ್ನ ಕೈಬರಹ ಅಷ್ಟು ಚೆನ್ನಾಗಿಲ್ಲ" ಎನ್ನುತ್ತಿದ್ದಳು. ಅವರೋ ಮೂಗು ಮುರಿದು ಬೇರೆ ಕಡೆ ತಿದ್ದಿಸಿಕೊಂಡು, ತಲೆಗೆ ಎಣ್ಣೆ ಹಾಕಿಸಿಕೊಳ್ಳಲು ಮಾತ್ರ ಮತ್ತೆ ಇವಳಲ್ಲಿಗೇ ಬರುತ್ತಿದ್ದರು.

ಸಾವಿನ ಮನೆಯಲ್ಲಿ ಸ್ನಾನ ಮುಗಿಸಿ, ಕಫನಿನ ಬಿಳಿ ಬಟ್ಟೆ ಹೊದಿಸಿ ಹೊರಗೆ ಬಂದರೆ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಮುಖ ಹೇಗಿತ್ತಮ್ಮ?" ನೀರಮ್ಮನ ಉತ್ತರವೂ ಒಂದೇ: "ಮುಖದಲ್ಲಿ ಬೆಳಕಿತ್ತು." ಬೆಳಕಿದ್ದರೂ ಅದೇ ಮಾತು, ಇಲ್ಲದಿದ್ದರೂ ಅದೇ. ತೊಳೆದವಳು ಕಂಡದ್ದನ್ನು ಮುಚ್ಚಿಡಬೇಕು, ಹಾಗೆ ಮುಚ್ಚಿಟ್ಟವಳ ತಪ್ಪನ್ನು ದೇವರು ಮುಚ್ಚುತ್ತಾನೆ ಎಂದು ಅವಳ ಅತ್ತೆ ಈ ಕೆಲಸ ಕಲಿಸುವಾಗಲೇ ಹೇಳಿಕೊಟ್ಟಿದ್ದಳು. ಒಳ್ಳೆಯ ನಿಯಮ. ಸತ್ತವರ ಮೈಮೇಲಿನ ಹುಣ್ಣು, ಮಚ್ಚೆ, ಮುಪ್ಪು ಬೀದಿಯ ಬಾಯಿಗೆ ಬೀಳಬಾರದಲ್ಲ. ನೀರಮ್ಮ ಎಷ್ಟೋ ಮನೆಗಳ ಗುಟ್ಟನ್ನು ಹೀಗೆ ಹೊಟ್ಟೆಗೆ ಹಾಕಿಕೊಂಡು, ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು.

ಆ ನಿದ್ದೆ ಕೆಟ್ಟದ್ದು ಅತ್ತರಿನವನ ಹೆಂಡತಿ ತೀರಿಕೊಂಡ ದಿನ.

ಅತ್ತರಿನ ಅಂಗಡಿಯ ಅವನನ್ನು ಮೆಚ್ಚದವರೇ ಇರಲಿಲ್ಲ. ತುಟಿಯ ಮೇಲೆ ಇಳಿಯದಂತೆ ಕತ್ತರಿಸಿದ ಮೀಸೆ, ಬಾಚಿದ ಗಡ್ಡ, ಜೇಬಿನಲ್ಲಿ ಹಲ್ಲುಜ್ಜುವ ಕಡ್ಡಿ, ಒಂದು ಸುಕ್ಕೂ ಇಲ್ಲದ ಬಿಳಿ ಬಟ್ಟೆ. ಅವನು ಬೀದಿಯ ತಿರುವಿನಲ್ಲಿ ಇರುವಾಗಲೇ ಅವನ ಪರಿಮಳ ಮನೆಬಾಗಿಲಿಗೆ ಬಂದಿರುತ್ತಿತ್ತು. ತಾಯಂದಿರು ಗಂಡುಮಕ್ಕಳಿಗೆ ಅವನನ್ನು ತೋರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದರು. ಮಸೀದಿಯಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡಲು ಕೂತನೆಂದರೆ ಅವನು ಏಳುವ ಹೊತ್ತಿಗೆ ಉಳಿದವರ ನಮಾಜು ಅರ್ಧ ಮುಗಿದಿರುತ್ತಿತ್ತು. ಮೊಣಕೈ ನೆನೆಯಿತೋ ಇಲ್ಲವೋ, ಬೆರಳ ಸಂದಿಗೆ ನೀರು ಹೋಯಿತೋ ಇಲ್ಲವೋ ಎಂದು ಮತ್ತೆ ಮೊದಲಿನಿಂದ ತೊಳೆಯುತ್ತಿದ್ದ. ನಮಾಜು ಮಾಡಿಸುವ ಹಜರತ್ರು ಒಮ್ಮೆ, "ಇದು ಭಕ್ತಿ ಅಲ್ಲಪ್ಪ, ಅನುಮಾನ. ಅನುಮಾನ ಹುಟ್ಸೋದು ಶೈತಾನನ ಕೆಲಸ" ಎಂದಿದ್ದರು. ಅವನು ವಿನಯದಿಂದ ನಕ್ಕು, ಕೈಯನ್ನು ಇನ್ನೊಮ್ಮೆ ತೊಳೆದುಕೊಂಡಿದ್ದ. ಜನ ಅದನ್ನೂ ಭಕ್ತಿಯ ಲೆಕ್ಕಕ್ಕೇ ಹಾಕಿಬಿಟ್ಟರು.

ಹೆಂಡತಿ ಜ್ವರ ಬಂದು ತೀರಿಹೋದಳು ಎಂದು ಹೇಳಿಕಳಿಸಿದ್ದ. ನೀರಮ್ಮ ಹೋದಾಗ ಬಚ್ಚಲುಮನೆಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ಬೋರೆ ಎಲೆ ಹಾಕಿ ಕಾಯಿಸಿದ ನೀರು, ಹೊಸ ಸಾಬೂನು, ಕರ್ಪೂರ, ಮಡಿಸಿಟ್ಟ ಬಟ್ಟೆ. ಗೋಡೆಯ ಗೂಡಿನಲ್ಲಿ ಕಪ್ಪು ಮರದ ಪೆಟ್ಟಿಗೆಯೊಂದು ತೆರೆದಿತ್ತು. ಅದರೊಳಗೆ ಕತ್ತರಿ, ಚಿಮಟ, ಅರ, ಮೈ ಉಜ್ಜುವ ಒರಟು ಕಲ್ಲು ಸಾಲಾಗಿ ಹೊಳೆಯುತ್ತಿದ್ದವು. ನೀರು ಹೊಯ್ಯಲು ಬಂದಿದ್ದ ಪಕ್ಕದ ಮನೆಯವಳು ಸಾವಿನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಸತ್ತವಳ ಬೆರಳುಗಳಿಗೆ ಬಿಳಿ ಬಟ್ಟೆ ಸುತ್ತಿತ್ತು. ನೀರಮ್ಮ ಬಿಚ್ಚಿದಳು. ಉಗುರುಗಳಿರಲಿಲ್ಲ. ಬುಡದ ತನಕ ಕತ್ತರಿಸಿ, ಕತ್ತರಿಸಲು ಏನೂ ಉಳಿಯದ ಮೇಲೂ ಕತ್ತರಿಸಿ, ಬೆರಳ ತುದಿಗಳು ಬಾತು ಕಪ್ಪಾಗಿದ್ದವು. ಅಲ್ಲಿಂದ ಹೊರಟ ಕೆಂಪು ಗೆರೆಯೊಂದು ಮೊಣಕೈ ದಾಟಿ ಕಂಕುಳಿನವರೆಗೆ ಹೋಗಿತ್ತು. ಹಿಮ್ಮಡಿಯಲ್ಲಿ, ಕತ್ತಿನ ಹಿಂದೆ, ಕಲ್ಲು ಹಾಕಿ ಉಜ್ಜಿದ ಕಡೆಯೆಲ್ಲ ಚರ್ಮ ಎದ್ದುಹೋಗಿತ್ತು. ನೀರಮ್ಮ ತಂಬಿಗೆಯನ್ನು ಕೆಳಗಿಟ್ಟಳು. ಆಗಲೇ ಬಾಗಿಲಾಚೆಯಿಂದ ಅವನ ದನಿ ಕೇಳಿಸಿತು.

"ಅಮ್ಮಾ, ಉಗುರಿನ ಸಂದು ಚೆನ್ನಾಗಿ ತೊಳೀರಿ. ಅಲ್ಲೇ ನೀರು ತಾಗದೆ ಉಳಿಯೋದು."

ನೀರಮ್ಮ ತೊಳೆದಳು. ಆ ಬೆರಳುಗಳಿಗೆ ನೋವಾದೀತು ಎಂಬಂತೆ ಮೆಲ್ಲಗೆ ತೊಳೆದಳು. ಕೂದಲನ್ನು ಬಾಚಿ ಮೂರು ಜಡೆ ಹಾಕಿ ಬೆನ್ನಿನ ಕಡೆಗೆ ಇಳಿಬಿಟ್ಟಳು. ಹೊರಗೆ ಬಂದಾಗ ಹೆಂಗಸರು ಸುತ್ತುವರಿದು ಕೇಳಿದರು. ನಾಲಿಗೆ ತನಗೆ ರೂಢಿಯಾದ ದಾರಿಯನ್ನೇ ಹಿಡಿಯಿತು. "ಮುಖದಲ್ಲಿ ಬೆಳಕಿತ್ತು" ಎಂದಳು. ಅಷ್ಟೇ ಅಲ್ಲ, ಇನ್ನೇನನ್ನೂ ಕೇಳದಿರಲಿ ಎಂದು, "ಮೈ ಹೂವಿನ ಹಾಗಿತ್ತು" ಎಂದು ಇನ್ನೊಂದು ಮಾತನ್ನೂ ಸೇರಿಸಿಬಿಟ್ಟಳು.

ಆಮೇಲೆ ಅವಳು ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋದಳು. ಎಳೆಮಗುವಿನ ಗುಲಾಬಿ ಉಗುರುಗಳನ್ನು ನೋಡಿದಾಗೆಲ್ಲ ಅದರ ಮುಷ್ಟಿಯನ್ನು ಮೆಲ್ಲಗೆ ಮುಚ್ಚಿಬಿಡುತ್ತಿದ್ದಳು. ತಿರುಗಿ ಬಂದ ದಿನ ತಂಗಿ ಬಾಗಿಲಲ್ಲೇ ಕೈಹಿಡಿದುಕೊಂಡಳು. ಗಂಡನನ್ನು ಕಳೆದುಕೊಂಡು, ಒಬ್ಬಳೇ ಮಗಳನ್ನು ಹೊಲಿಗೆ ಮಾಡಿ ಸಾಕಿದ ತಂಗಿ. ಅವಳ ಮುಖದಲ್ಲಿ ಅಷ್ಟು ಸಂತೋಷ ಕಂಡು ವರ್ಷಗಳೇ ಆಗಿದ್ದವು.

"ಅಕ್ಕ, ನಾಳೆ ಮಗಳ ನಿಕಾಹ್. ನೀನು ಬರ್ತೀಯೋ ಇಲ್ವೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ."

"ಯಾರ ಜೊತೆ?"

"ಅತ್ತರಿನವರು. ಅವರಾಗೇ ಕೇಳಿಕೊಂಡು ಬಂದ್ರು."

ನೀರಮ್ಮ ಕೈ ಬಿಡಿಸಿಕೊಂಡಳು. "ಬೇಡ ಕಣೇ" ಎಂದಳು.

"ಯಾಕೆ?"

ಆ 'ಯಾಕೆ'ಗೆ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಮುಂದಕ್ಕೆ ಬರಲಿಲ್ಲ. ಎದುರು ನಿಂತಿದ್ದವಳು ತಂಗಿ, ಆದರೆ ಗುಟ್ಟು ಸತ್ತವಳದ್ದು. "ವಯಸ್ಸಿನಲ್ಲಿ ದೊಡ್ಡವನು" ಎಂದಷ್ಟೇ ಹೇಳಿದಳು.

ತಂಗಿ ನಕ್ಕಳು. "ನಾನೂ ಮೊದಲು ಹಿಂದೆಮುಂದೆ ನೋಡ್ದೆ. ಆಮೇಲೆ ನಿನ್ನ ಮಾತು ನೆನಪಾಯ್ತು. ನೀನೇ ಹೇಳಿದ್ದಲ್ಲ, ಆಕೆ ಮೈ ಹೂವಿನ ಹಾಗಿತ್ತು, ಮುಖದಲ್ಲಿ ಬೆಳಕಿತ್ತು ಅಂತ. ಹೆಂಡ್ತೀನ ಅಷ್ಟು ಚೆನ್ನಾಗಿ ಇಟ್ಕೊಂಡಿದ್ದವರು ನನ್ನ ಮಗಳನ್ನ ಬಿಟ್ಟುಹಾಕ್ತಾರಾ? ನಿನ್ನ ಮಾತಿನ ಮೇಲೇ ಒಪ್ಪಿದ್ದು ಅಕ್ಕ."

ನೀರಮ್ಮ ಜಗಲಿಯ ಮೇಲೆ ಕುಸಿದು ಕೂತಳು. ಪ್ರಯಾಣದ ಆಯಾಸ ಎಂದುಕೊಂಡು ತಂಗಿ ನೀರು ತಂದುಕೊಟ್ಟಳು.

ಅದೇ ಮಧ್ಯಾಹ್ನ, ಮನೆಯಲ್ಲಿ ಒಬ್ಬಳೇ ಇದ್ದಾಗ, ನೀರಮ್ಮನ ಮೂಗಿಗೆ ಪರಿಮಳ ಬಡಿಯಿತು. ತಲೆಯ ಮೇಲೆ ಸೆರಗು ಎಳೆದುಕೊಂಡು ನೋಡಿದರೆ ಅವನು ಹೊಸ್ತಿಲಾಚೆ ನಿಂತಿದ್ದ. ಕೈಯಲ್ಲಿ ಅತ್ತರಿನ ಪುಟ್ಟ ಸೀಸೆ. ಒಳಗೆ ಕಾಲಿಡಲಿಲ್ಲ, ದೃಷ್ಟಿ ಮೇಲೆತ್ತಲಿಲ್ಲ. ಅವನ ಮರ್ಯಾದೆಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ.

"ಅವತ್ತು ನಿಮಗೆ ಸರಿಯಾಗಿ ಉಪಚಾರ ಮಾಡೋಕೆ ಆಗ್ಲಿಲ್ಲ ಅಮ್ಮ. ಅದಕ್ಕೆ ಇದು" ಎಂದು ಸೀಸೆಯನ್ನು ಹೊಸ್ತಿಲ ಮೇಲಿಟ್ಟ. "ಈಗಿನವರು ಸಾವಿನ ಮನೇಲಿ ಕಂಡಿದ್ದನ್ನೆಲ್ಲ ಆಡ್ಕೊಂಡು ತಿರುಗ್ತಾರೆ. ನೀವು ಹಾಗಲ್ಲ. ತೊಳೆದವರು ಮುಚ್ಚಿಡಬೇಕು, ಅಲ್ವಾ?"

ನೀರಮ್ಮ ಸೀಸೆಯನ್ನು ಮುಟ್ಟಲಿಲ್ಲ.

"ಆಕೆಯ ಕೊಳಕು ಹೋಗ್ತಾನೇ ಇರ್ಲಿಲ್ಲ" ಎಂದ, ತುಂಬ ದುಃಖದಿಂದ. "ಎಷ್ಟು ತೆಗೆದ್ರೂ ಉಗುರಿನ ಅಡಿಯಲ್ಲಿ ಉಳೀತಿತ್ತು. ಆಕೆಯ ನಮಾಜು ದೇವರಿಗೆ ಸೇರ್ತಿತ್ತೋ ಇಲ್ವೋ. ನಿಮ್ಮ ತಂಗಿ ಮಗಳು ಚಿಕ್ಕವಳು, ಹೇಳಿದಂತೆ ಕೇಳ್ತಾಳೆ."

ಅವನು ಹೋದ ಮೇಲೆ ನೀರಮ್ಮ ಸೀಸೆಯನ್ನು ಎತ್ತಿ ಚರಂಡಿಗೆ ಸುರಿದಳು. ಅದೇ ತಪ್ಪಾಯಿತು. ಆ ಪರಿಮಳ ಮನೆಯನ್ನೆಲ್ಲ ತುಂಬಿಕೊಂಡು ಸಂಜೆಯ ನಮಾಜಿನಲ್ಲೂ ಅವಳ ಜೊತೆಗೇ ಬಾಗಿತು, ಜೊತೆಗೇ ಎದ್ದಿತು.

ಮರುದಿನ ತಂಗಿಯ ಮನೆಯಲ್ಲಿ ಮದುಮಗಳ ತಲೆ ಬಾಚಲು ಅವಳೇ ಕೂತಳು. ಹೊರಗಿನ ಕೋಣೆಯಲ್ಲಿ ಗಂಡಸರು ಸೇರುತ್ತಿದ್ದ ಸದ್ದು ಕೇಳಿಸುತ್ತಿತ್ತು. ಹುಡುಗಿ ಕೈಗಳನ್ನು ದುಪಟ್ಟಾದೊಳಗೆ ಇಟ್ಟುಕೊಂಡು ತುಂಬ ಹೊತ್ತು ಅಲುಗಾಡದೆ ಕೂತಿದ್ದಳು. ಇವಳು ಹಾಗೆ ಕೂರುವ ಹುಡುಗಿಯೇ ಅಲ್ಲ.

"ಕೈ ತೆಗಿ ನೋಡೋಣ" ಎಂದಳು ನೀರಮ್ಮ.

ಹುಡುಗಿ ನಾಚಿಕೊಂಡೇ ಕೈ ಚಾಚಿದಳು. ಬೆರಳ ತುದಿಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪಕ್ಕದಲ್ಲಿ, ಉಡುಗೊರೆಯ ಬಟ್ಟೆಗಳ ಮೇಲೆ, ಆ ಕಪ್ಪು ಮರದ ಪೆಟ್ಟಿಗೆ ಇತ್ತು.

"ಅವರು ಕಳಿಸಿದ್ರು ದೊಡ್ಡಮ್ಮ. ಬಿಳಿ ಅನ್ನೋದೇ ಕಾಣಬಾರದಂತೆ. ನಾನೇ ತೆಕ್ಕೊಂಡೆ. ಮೊದಲ ಸಲ ಅಲ್ವಾ, ಸ್ವಲ್ಪ ಉರಿಯತ್ತೆ. ಅಭ್ಯಾಸ ಆಗತ್ತೆ ಅಂತ ಹೇಳಿಕಳಿಸಿದ್ದಾರೆ."

"ದೀನು-ಧರ್ಮ ಹೇಳಿದ್ದು ಕತ್ತರಿಸು ಅಂತ ಮಗಾ, ಕೀಳು ಅಂತ ಅಲ್ಲ" ಎನ್ನುತ್ತ ನೀರಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿದಳು. ತಂಗಿಯನ್ನು ಕೂಗಿ ಬಾಗಿಲು ಮುಂದೆ ಮಾಡಿದಳು. ಹುಡುಗಿಯ ಮುಂದೆಯೇ ಎಲ್ಲವನ್ನೂ ಹೇಳಿದಳು. ಬಿಳಿ ಬಟ್ಟೆ, ಕಪ್ಪು ಬೆರಳು, ಕೆಂಪು ಗೆರೆ.

ತಂಗಿಯ ಮುಖ ಬಿಳಿಚಿಕೊಂಡಿತು. ಆದರೆ ಅವಳು ಹಿಡಿದದ್ದು ಅಕ್ಕನ ಬಾಯಿಯನ್ನು. "ಮೆಲ್ಲಗೆ. ಹೊರಗೆ ಊರೇ ಕೂತಿದೆ. ಈಗ ಹೇಳ್ತಿದ್ದೀಯಲ್ಲ, ಅವತ್ತು ಯಾಕೆ ಹಾಗೆ ಹೇಳ್ದೆ? ಯಾವ ಮಾತನ್ನ ನಂಬಲಿ ನಾನು? ಬಾಗಿಲಿಗೆ ಬಂದ ಗಂಡನ್ನ ವಾಪಸ್ ಕಳಿಸಿದ್ರೆ ಇವಳನ್ನ ಇನ್ಯಾರು ಮಾಡ್ಕೋತಾರೆ?"

"ಯಾರೂ ಮಾಡ್ಕೊಳ್ಳದಿದ್ರೆ ಬದುಕಿರ್ತಾಳೆ."

ಮಾತು ಮುಂದುವರಿಯಲು ಬಿಡುವೇ ಸಿಗಲಿಲ್ಲ. ಬಾಗಿಲಿನ ಪರದೆಯಾಚೆ ಹಜರತ್ರು ಕೆಮ್ಮಿದರು. ಮದುಮಗಳ ಒಪ್ಪಿಗೆ ಕೇಳಲು ಇಬ್ಬರು ಸಾಕ್ಷಿಗಳ ಜೊತೆ ಬಂದಿದ್ದರು. ಅವರ ಹಿಂದೆಯೇ, ಪರದೆಯ ಅಡಿಯಿಂದ, ಆ ಪರಿಮಳ ಒಳಗೆ ನುಗ್ಗಿತು. ತಂಗಿ ಮಗಳ ತಲೆಯ ಮೇಲೆ ಮುಸುಕು ಎಳೆದಳು.

ಹಜರತ್ರು ವರನ ಹೆಸರು, ಅವನ ತಂದೆಯ ಹೆಸರು ಹೇಳಿ, "ಒಪ್ಪಿಗೆ ಇದೆಯಾ ಮಗಳೇ?" ಎಂದು ಕೇಳಿದರು.

ಹುಡುಗಿ ಮಾತಾಡಲಿಲ್ಲ. ಅಮ್ಮನ ಮುಖ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು, ತಲೆ ತಗ್ಗಿಸಿದಳು. ಮದುಮಗಳು ನಾಚಿ ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ತಿಳಿಯುವುದು ವಾಡಿಕೆ.

"ಸುಮ್ಮನಿದ್ದಾಳೆ, ಹಾಗಾದ್ರೆ ಒಪ್ಪಿಗೆ" ಎಂದ ಒಬ್ಬ ಸಾಕ್ಷಿ. ಹೆಜ್ಜೆಗಳು ಹಿಂದಕ್ಕೆ ತಿರುಗಿದ ಸದ್ದಾಯಿತು.

ನೀರಮ್ಮ ಎದ್ದು ನಿಂತಳು. ಅವಳೂ ಸತ್ಯ ಹೇಳದೆ ಹೀಗೆಯೇ ಸುಮ್ಮನಿದ್ದಳು, ಅದನ್ನೂ ಜನ ಹೀಗೆಯೇ ತಮಗೆ ಬೇಕಾದಂತೆ ತಿಳಿದುಕೊಂಡರು. ಪರದೆಯನ್ನು ಬಿಗಿಯಾಗಿ ಹಿಡಿದುಕೊಂಡು ಮಾತಾಡಿದಳು.

"ನಿಲ್ಲಿ ಹಜರತ್ರೇ. ಅದು ಒಪ್ಪಿಗೆ ಅಲ್ಲ, ಹೆದರಿಕೆ. ಇವರ ಮೊದಲ ಹೆಂಡ್ತೀನ ತೊಳೆದವಳು ನಾನು. ಆಕೆಯ ಬೆರಳಲ್ಲಿ ಉಗುರು ಇರ್ಲಿಲ್ಲ. ಕಿತ್ತ ಗಾಯದಿಂದ ನಂಜೇರಿ ಸತ್ಲು. ಮುಖದಲ್ಲಿ ಬೆಳಕಿತ್ತು ಅಂತ ನಾನು ಹೇಳಿದ್ದು ಸುಳ್ಳು."

ಹೊರಗಿನ ಕೋಣೆಯಲ್ಲಿ ಯಾರದೋ ಕೈಯಿಂದ ಲೋಟ ಜಾರಿ ಬಿತ್ತು. ಹಜರತ್ರು ಏನೋ ಹೇಳಲು ಹೊರಟರು. ಅದಕ್ಕೂ ಮೊದಲೇ ಅತ್ತರಿನವನ ದನಿ ಪರದೆಯ ಹತ್ತಿರ, ಬಹಳ ಹತ್ತಿರ, ಕೇಳಿಸಿತು. ಸಿಟ್ಟಿನ ಸುಳಿವೂ ಇರಲಿಲ್ಲ.

"ಸತ್ತವಳ ಗುಟ್ಟು ಬೀದಿಗೆ ಹಾಕಿದ್ರಿ. ಇನ್ನು ಈ ಊರಲ್ಲಿ ಯಾರ ಮನೆಯವರೂ ನಿಮ್ಮನ್ನ ಕರೆಯಲ್ಲ. ನಾಳೆ ನೀವು ಸತ್ತರೆ, ಅಮ್ಮ, ನಿಮ್ಮನ್ನ ತೊಳೆಯೋರು ಯಾರು?"

ನೀರಮ್ಮನ ಕೈ ಪರದೆಯ ಮೇಲೆ ಹಾಗೆಯೇ ಮರಗಟ್ಟಿತು. ಅವಳಿಗಿದ್ದ ಒಂದೇ ಒಂದು ಭಯ ಅದು. ಅವನಿಗೆ ಅದು ಹೇಗೆ ಗೊತ್ತಾಯಿತೋ.

"ನಾನು" ಎಂಬ ದನಿ ಹಿಂದಿನಿಂದ ಬಂತು. ಹುಡುಗಿ ಮುಸುಕು ಸರಿಸಿ ಎದ್ದಿದ್ದಳು. "ನಾನು ತೊಳೀತೀನಿ. ನನಗೆ ಈ ನಿಕಾಹ್ ಬೇಡ."

ಹಜರತ್ರು ಇನ್ನೊಮ್ಮೆ ಕೇಳಲಿಲ್ಲ. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಅತ್ತರಿನವನು ಹೋಗುವ ಮುಂಚೆ ಅಂಗಳದ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದುಕೊಂಡ.

ಅವನು ಹೇಳಿದ್ದು ಅರ್ಧ ನಿಜವಾಯಿತು. ಹಿಂದಿನ ಬೀದಿಯಲ್ಲಿ ಮುದುಕಿಯೊಬ್ಬಳು ತೀರಿಕೊಂಡಾಗ ಅವರು ದೂರದಿಂದ ಬೇರೆಯವಳನ್ನು ಕರೆಸಿದರು. ಅವನ ಅಂಗಡಿ ಮಾತ್ರ ಎಂದಿನಂತೆ ತೆರೆಯುತ್ತಿತ್ತು. ಹೆಂಗಸರ ಮಾತು ಎಂದು ಕೆಲವರು ನಂಬಲಿಲ್ಲ, ನಂಬಿದವರೂ ಅತ್ತರು ಕೊಳ್ಳುವುದನ್ನು ಬಿಡಲಿಲ್ಲ.

ಒಂದು ಶುಕ್ರವಾರ ನೀರಮ್ಮ ಜಗಲಿಯ ಮೇಲೆ ತಂಗಿಯ ಮಗಳ ಕೈ ಹಿಡಿದು ಕೂತಿದ್ದಳು. ಹೊಸ ಉಗುರು ಎಳೆಯದಾಗಿ ಮೂಡುತ್ತಿತ್ತು. ತಂಗಿ ಪೇಟೆಯಿಂದ ಸುದ್ದಿ ತಂದಳು. ಅತ್ತರಿನವನಿಗೆ ಘಟ್ಟದಾಚೆಯ ಊರಿನಲ್ಲಿ ಹೆಣ್ಣು ಗೊತ್ತಾಗಿದೆಯಂತೆ, ತಂದೆಯಿಲ್ಲದ ಹುಡುಗಿ, ಚಿಕ್ಕವಳಂತೆ. ಇವರು ಉಡುಗೊರೆಗಳ ಜೊತೆ ವಾಪಸ್ ಕಳಿಸಿದ್ದ ಕಪ್ಪು ಮರದ ಪೆಟ್ಟಿಗೆಯನ್ನು ಒರೆಸಿ ಅಂಗಡಿಯ ಮುಂದೆ ಬಿಸಿಲಿಗೆ ಇಟ್ಟಿದ್ದಾನಂತೆ.

ಆ ಊರಿನಲ್ಲಿ ಅವನ ಹೆಂಡತಿಯನ್ನು ತೊಳೆದವರು ಯಾರೂ ಇರಲಿಲ್ಲ.

ನೀರಮ್ಮ ಕತ್ತರಿಯನ್ನು ಒರೆಸಿ ಒಳಗಿಟ್ಟಳು. ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು ತಂಗಿಯನ್ನು ಕೇಳಿದಳು.

"ಆ ಊರಿಗೆ ಬಸ್ಸು ಎಲ್ಲಿಂದ ಹೊರಡತ್ತೆ?"