ಓವನ್ನಿನ ಬೆನ್ನಿಗೂ ಗಾಳಿ ಬೇಕು

ಮುಂಬೈಯ ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ಮಧ್ಯಾಹ್ನವಾದರೆ ಸಾಕು, ಮೂರನೇ ಮಹಡಿಯಿಂದ ಜೋಳದ ಬಿಸ್ಕೀಟಿನ ಘಮ ಇಳಿದು ಬರುತ್ತಿತ್ತು. ಮಾಡುವವಳು ವೈಶಾಲಿ. ಕೊಚ್ಚಿಕೊಳ್ಳುವವಳು ಮಾತ್ರ ಆಕೆಯ ಅತ್ತೆ ಮಲ್ಲವ್ವ. “ನಮ್ಮ ವಿಜಾಪುರದ ಜ್ವಾಳ, ನಮ್ಮ ಸೊಸಿ ಕೈ” ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಯೇ ಬಿಡುತ್ತಿದ್ದಳು. ಹೇಳಬೇಕಾದದ್ದೇ ಬಿಡಿ. ಸಣ್ಣ ಅಡುಗೆಮನೆ, ಕಟ್ಟೆಯ ಮೇಲೆ ಒಂದು ದೊಡ್ಡ ಕರೆಂಟಿನ ಓವನ್, ಅದರ ಮುಂದೆ ಬೆವರು ಸುರಿಸುತ್ತ ನಿಂತ ಸೊಸೆ. ಅಷ್ಟರಲ್ಲೇ ಆಕೆ ಸುತ್ತಲಿನ ಬಿಲ್ಡಿಂಗುಗಳಲ್ಲೆಲ್ಲ ಹೆಸರು ಮಾಡಿದ್ದಳು.

ಆ ಓವನ್ ಈಗ ಹಟ ಹಿಡಿದಿತ್ತು. ಬಿಸ್ಕೀಟು ಅರ್ಧ ಬೇಯುವಷ್ಟರಲ್ಲಿ ತಾನಾಗಿ ಬಂದ್. ಹಿಂದಿನಿಂದ ಗರ್ ಗರ್ ಸದ್ದು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಯೇ ಇಲ್ಲ ಎಂಬಂತೆ ಮತ್ತೆ ಹತ್ತಿಕೊಳ್ಳುತ್ತಿತ್ತು.

ಮಲ್ಲವ್ವನ ಮಗ, ವೈಶಾಲಿಯ ಗಂಡ ಗುರುಬಸವನಿಗೆ ಹೆದರಿಕೆ ಹೊಕ್ಕಿತು. “ಯವ್ವಾ, ಇದು ಪೂರಾ ಖರಾಬ್ ಆಗೈತಿ. ಬೆಂಕಿ ಗಿಂಕಿ ಹತ್ತಿದ್ರ ಏನ್ ಮಾಡೂದು? ರವಿವಾರ ಹಳೇ ಸಾಮಾನು ಒಯ್ಯೂ ಭಂಗಾರದವ ಬರ್ತಾನ, ಕೊಟ್ಟು ಕಳಸೂಣು. ಇನ್ನ ಬಿಸ್ಕೀಟಿನ ಉಸಾಬರಿ ಸಾಕು.”

ಹಿಟ್ಟು ನಾದುತ್ತಿದ್ದ ವೈಶಾಲಿಯ ಕೈ ನಿಂತಿತು. ಮಹಿಳಾ ಮಂಡಳದ ದೇವಕ್ಕ ಮೊದಲ ಸಲ ದೊಡ್ಡ ಆರ್ಡರ್ ಕೊಟ್ಟಿದ್ದಳು, ನಾಳೆ ಸಂಜೆಗೆ ಕೊಡಬೇಕಿತ್ತು. ಓವನ್ ಹೋದರೆ ಆರ್ಡರಷ್ಟೇ ಅಲ್ಲ, ಆಕೆ ಕಟ್ಟಿಕೊಂಡ ಕೆಲಸವೇ ಹೋದಂತೆ. ಮಲ್ಲವ್ವನಿಗೆ ಸೊಸೆಯ ಮುಖ ನೋಡಿ ಪಾಪ ಅನ್ನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

“ಮಷಿನ್ನಿನ ಹಣೇಬರಹ ಇಷ್ಟ ನೋಡು. ಒಲಿ ಎಂದಾರ ಹಿಂಗ ನಡುವ ಕೈ ಬಿಟ್ಟೈತೇನು?”

ಅಷ್ಟರಲ್ಲಿ ಎದುರು ಮನೆಯ ನಾಗರತ್ನಾ ಕೆಲಸದಿಂದ ಬಂದಳು. ಧಾರವಾಡದ ಕಡೆಯ ಹೆಣ್ಣುಮಗಳು, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಮನೆಬಳಕೆಯ ಯಂತ್ರಗಳನ್ನು ಪರೀಕ್ಷೆ ಮಾಡುವ ವಿಭಾಗ ನೋಡಿಕೊಳ್ಳುತ್ತಾಳೆ. ಲೋಕಲ್ ರೈಲಿನ ಗದ್ದಲದಲ್ಲಿ ಜಜ್ಜಿಸಿಕೊಂಡು ಬಂದಿದ್ದಳು. ಮಲ್ಲವ್ವನ ದನಿ ಕೇಳಿದ್ದೇ ತಡ, ಬ್ಯಾಗನ್ನು ಬಾಗಿಲ ಬಳಿ ಇಟ್ಟು ಒಳಗೆ ಬಂದಳು.

ಮಲ್ಲವ್ವ ಅಂದುಕೊಂಡಿದ್ದಳು, ಈಕೆ ಬಂದವಳೇ ಸ್ಕ್ರೂ ಬಿಚ್ಚುತ್ತಾಳೆ ಎಂದು. ನಾಗರತ್ನಾ ಓವನ್ನನ್ನು ಮುಟ್ಟಲೂ ಇಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಡಾಕ್ಟರು ಕೇಳುವ ಹಾಗೆ ಕೇಳತೊಡಗಿದಳು.

“ಹಚ್ಚಿದ ಕೂಡ್ಲೆ ಬಂದ್ ಆಗ್ತೈತೋ, ಬಿಸಿ ಆದ ಮ್ಯಾಲೋ?”

“ಬಿಸಿ ಆದ ಮ್ಯಾಲ ಅಕ್ಕಾ. ಆರಿದ್ರ ಮತ್ತ ಚಾಲೂ ಆಗ್ತೈತಿ.”

“ಹಂಗಾರ ಇದು ಸತ್ತಿಲ್ಲವಾ. ಮೈ ಕಾದು ಸುಸ್ತಾಗೇತಿ, ಅಷ್ಟ.”

ಆಮೇಲೆ ಬಿಡಿಸಿ ಹೇಳಿದಳು. ಇಂಥ ಓವನ್ನಿನಲ್ಲಿ ಎರಡು ಫ್ಯಾನ್ ಇರುತ್ತವೆ. ಒಂದು ಒಳಗಿನ ಬಿಸಿಗಾಳಿಯನ್ನು ಸುತ್ತಿಸಿ ಬೇಯಿಸಲಿಕ್ಕೆ. ಇನ್ನೊಂದು ಹಿಂದುಗಡೆ, ಓವನ್ನಿನ ಮೈಯನ್ನೂ ಅದರ ತಂತಿಗಳನ್ನೂ ತಣ್ಣಗಿಡಲಿಕ್ಕೆ. ಈ ಎರಡನೆಯದು ಸೋತರೆ ಮೈ ವಿಪರೀತ ಕಾಯುತ್ತದೆ. ಆಗ ಒಳಗಿನ ಕಾವಲು ಸ್ವಿಚ್ಚು ತಾನೇ ಎಲ್ಲವನ್ನೂ ಬಂದ್ ಮಾಡುತ್ತದೆ.

“ಅಂದ್ರ ಅದು ಹಟ ಮಾಡಾಕತ್ತಿಲ್ಲ,” ನಾಗರತ್ನಾ ನಕ್ಕಳು. “ನಿಮ್ಮ ಮನಿ ಉಳಸಾಕತ್ತೈತಿ.”

ಖಾಲಿ ಓವನ್ನನ್ನು ಸ್ವಲ್ಪ ಹೊತ್ತು ಹಚ್ಚಿಸಿದಳು. ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಹಿಂದಿನ ಗಾಳಿಕಿಂಡಿಯ ಎದುರು ಹಿಡಿದಳು. ಗಾಳಿ ಜೋರಾಗಿದ್ದರೆ ಅದು ಪಟಪಟ ಹಾರಬೇಕು. ಇದು ಸ್ವಲ್ಪ ಅಲುಗಾಡಿ ಸುಮ್ಮನಾಯಿತು. ಕಿವಿಗೊಟ್ಟು ಸದ್ದು ಕೇಳಿದಳು. ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು, ಓವನ್ ಪೂರ್ತಿ ಆರುವ ತನಕ ಚಹಾ ಕುಡಿಯುತ್ತ ಕೂತಳು. ಗುರುಬಸವ ಚಡಪಡಿಸಿದ, ಆಕೆ ಮಾತ್ರ ಅಲುಗಲಿಲ್ಲ. ಆ ತಾಳ್ಮೆ ನೋಡಿ ಮಲ್ಲವ್ವನಿಗೇ ಮೆಚ್ಚುಗೆಯಾಯಿತು. ಓವನ್ ತಣ್ಣಗಾದ ಮೇಲೆಯೇ ನಾಗರತ್ನಾ ಕಿಂಡಿಯೊಳಗೆ ಟಾರ್ಚ್ ಬಿಟ್ಟಳು.

“ಒಳಗ ಹಿಟ್ಟು ಕುಂತೈತಿ. ರೊಟ್ಟಿ ಚೂರೂ ಅದಾವ. ಇದರ ಮ್ಯಾಲ ಏನರ ಇಡ್ತೀರೇನು?”

ಮಲ್ಲವ್ವನ ಕಣ್ಣು ಓವನ್ನಿನ ಮೇಲ್ಭಾಗಕ್ಕೆ ಹೋಯಿತು.

ದಿನಾ ಬಡಿದ ಜೋಳದ ರೊಟ್ಟಿಯನ್ನು ಆಕೆ ಬಟ್ಟೆಯಲ್ಲಿ ಸುತ್ತಿ ಆ ಬಿಸಿ ಓವನ್ನಿನ ತಲೆಯ ಮೇಲೆಯೇ ಪೇರಿಸುತ್ತಿದ್ದಳು. ಊರಲ್ಲಾದರೆ ಬಿಸಿಲಿತ್ತು. ಈ ಮುಂಬೈಯ ತೇವದಲ್ಲಿ ಕಡಕ್ ರೊಟ್ಟಿ ಮೆತ್ತಗಾಗಿ ಹೋಗುತ್ತಿತ್ತು. ಓವನ್ನಿನ ಮೇಲೆ ಇಟ್ಟರೆ ಹಪ್ಪಳದಷ್ಟು ಗರಿಗರಿ. ಎಂಥ ಬುದ್ಧಿ ಓಡಿಸಿದೆ ಎಂದು ಆಕೆಗೆ ತನ್ನ ಮೇಲೇ ಅಭಿಮಾನವಿತ್ತು. ಆ ಬಟ್ಟೆ ಮೇಲಿನ ಕಿಂಡಿ ಮುಚ್ಚುತ್ತಿತ್ತು, ಚೂರು ಕೆಳಗೆ ಉದುರುತ್ತಿತ್ತು ಎಂಬುದು ಈಗ ತಿಳಿಯಿತು.

ಆಕೆ ಬಾಯಿ ತೆರೆಯುವ ಮೊದಲೇ ವೈಶಾಲಿ ಅಂದಳು, “ನಾನ ಇಡ್ತಿದ್ದೆ ಅಕ್ಕಾ. ಗೊತ್ತಾಗಲಿಲ್ಲ.”

ಎಲಾ ಇವಳ! ಕೆಲಸ ಕೈತಪ್ಪುವ ಹೊತ್ತಿನಲ್ಲೂ ಅತ್ತೆಯ ಮರ್ಯಾದೆ ಕಾಯುತ್ತಾಳಲ್ಲ! ಮಲ್ಲವ್ವನ ಕಣ್ಣು ತುಂಬಿ ಬಂತು.

“ಸುಳ್ಳು ಹೇಳ್ತಾಳ ನಾಗರತ್ನಾ. ಇಟ್ಟಾಕಿ ನಾ. ಇನ್ನೊಂದೂ ಹೇಳಿಬಿಡ್ತೇನಿ ಕೇಳು. ಓವನ್ ಬಂದ್ ಮಾಡಿದ ಮ್ಯಾಲೂ ಆ ಫ್ಯಾನ್ ತಿರಗತಿತ್ತು. ಸುಮ್ನ ಕರೆಂಟ್ ತಿಂತೈತಿ ಅಂತ ಗ್ವಾಡಿ ಬಟನ್ನ ಬಂದ್ ಮಾಡ್ತಿದ್ದೆ.”

“ಅಯ್ಯ ಕಾಕು, ಎಷ್ಟ ಛಲೋ ಮಾಡಿದ್ರಿ ಹೇಳಿ!” ನಾಗರತ್ನಾ ಆಕೆಯ ಕೈ ಹಿಡಿದಳು. “ನೀವು ಹೇಳದಿದ್ರ ನಾ ಇನ್ನೂ ತಡಕಾಡತಿದ್ದೆ. ಆ ಫ್ಯಾನ್ ಆಮ್ಯಾಲ ತಿರಗೂದು ತಪ್ಪಲ್ಲರಿ. ಮೈ ಆರೂತನಕ ತಿರಗಲೇಬೇಕು, ಆಮ್ಯಾಲ ತಾನ ನಿಲ್ತೈತಿ. ಪೂರಾ ತಣ್ಣಗಾದ ಮ್ಯಾಲೂ ನಿಲ್ಲಲಿಲ್ಲ ಅಂದ್ರ ಆಗ ತೋರಸಬೇಕು.”

ಮೆತ್ತನೆಯ ಬ್ರಷ್ಷಿನಿಂದ ಕಿಂಡಿಯ ಹೊರಮೈ ಒರೆಸಿದಳು, ತನ್ನ ಮನೆಯಿಂದ ಧೂಳು ಎಳೆಯುವ ಯಂತ್ರ ತಂದು ಚೂರು ತೆಗೆದಳು. ತಂತಿ, ಕಡ್ಡಿ ಯಾವುದನ್ನೂ ಒಳಗೆ ತೂರಿಸಲಿಲ್ಲ. ಮತ್ತೆ ಹಚ್ಚಿದಾಗ ಕಾಗದ ಮೊದಲಿಗಿಂತ ಹಾರಿತು. ಆದರೆ ಗರ್ ಗರ್ ಹೋಗಲಿಲ್ಲ.

“ಫ್ಯಾನಿನ ಬೇರಿಂಗ್ ಸವದೈತಿ ಅನಸ್ತೈತಿ. ಕಂಪನಿ ಮೆಕ್ಯಾನಿಕ್ ಬಂದು ನೋಡಬೇಕು.”

ಗುರುಬಸವ ಆಗಲೇ ಸ್ಕ್ರೂಡ್ರೈವರ್ ತಂದಿದ್ದ. “ನಾನ ಬಿಚ್ಚತೇನ್ರಿ. ಅದೇನ್ ದೊಡ್ಡ ಕೆಲಸ?”

“ಬ್ಯಾಡ್ರಿ. ಒಂದ ತಂತಿ ತಪ್ಪಿ ತಾಗಿದ್ರ ಹೊರಗಿನ ತಗಡಿಗೆಲ್ಲಾ ಕರೆಂಟ್ ಹರೀತೈತಿ. ನಾಳೆ ಮುಟ್ಟಾಕಿ ವೈಶಾಲಿ.”

ಗುರುಬಸವ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ವೈಶಾಲಿ ಮೆಲ್ಲಗೆ ಕೇಳಿದಳು, “ಟೇಬಲ್ ಫ್ಯಾನ್ ಹಿಂದ ಇಟ್ಟು ಒಂದ ಆರ್ಡರ್ ಮುಗಿಸಲೇನಕ್ಕಾ? ತಡ ಆದ್ರ ದೇವಕ್ಕಾರು ಮತ್ತ ಕೇಳೂದಿಲ್ಲ.”

ನಾಗರತ್ನಾ ಬೇಡವೆಂದು ತಲೆಯಾಡಿಸಿದಳು. “ಹೊರಗಿನ ಗಾಳಿ ಒಳಗ ಮುಟ್ಟೂದಿಲ್ಲವಾ.”

ಮಲ್ಲವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಸೊಸೆಯ ಫೋನ್ ಕಸಿದುಕೊಂಡಳು. ಯಾರ ಮುಂದೆಯೂ ತಲೆ ಬಾಗಿಸದ ಮುದುಕಿ ಆಕೆ.

“ದೇವಕ್ಕಾ, ನಾ ಮಲ್ಲವ್ವ. ಬಿಸ್ಕೀಟು ತಡ ಆಗ್ತಾವ. ನನ್ನ ಸೊಸಿದೇನೂ ತಪ್ಪಿಲ್ಲ. ಓವನ್ ಕೆಡಿಸಿದಾಕಿ ನಾ.” ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಆ ಕಡೆಯಿಂದ ನಗು ಕೇಳಿತು. “ತಡ ಆದ್ರ ಆಗ್ಲಿ ಬಿಡ್ರಿ. ನಮ್ಮ ಓವನ್ನಿಗೆ ನಾ ಕಸೂತಿ ಹಾಕಿದ ಬಟ್ಟಿ ಹೊದಿಸೇನಿ, ಹಿಂದಿನ ಕಿಂಡೀತನಕ ಇಳದೈತಿ. ಈಗ ತಗೀತೇನಿ. ಇದನ್ನ ನಮ್ಮ ಮಂಡಳದಾಗೂ ಹೇಳಾಕ ಬರ್ರಿ.”

ಮರುದಿನ ಮೆಕ್ಯಾನಿಕ್ ಮನೀಶ್ ಬಂದ. ಮೀಟರ್ ಹಿಡಿದು ನೋಡಿ, ಫ್ಯಾನ್ ಬದಲಿಸಿದ. ಹಳೆಯ ಫ್ಯಾನನ್ನು ಬೆರಳಿನಿಂದ ತಿರುಗಿಸಿ ತೋರಿಸಿದ. ಅದು ಅಲ್ಲಲ್ಲಿ ತಡೆದು ನಿಲ್ಲುತ್ತಿತ್ತು. ಓವನ್ನನ್ನು ಗಾಳಿಯಾಡಲೆಂದು ಗೋಡೆಯಿಂದ ಮುಂದಕ್ಕೆ ಜರುಗಿಸಿದವನು ಗುರುಬಸವನೇ. ಬಿಸ್ಕೀಟು ಹದವಾಗಿ ಬೆಂದು ಬಂದಾಗ ಮೊದಲ ತಟ್ಟೆಯನ್ನು ದೇವಕ್ಕನ ಮನೆಗೆ ಹೊತ್ತು ನಡೆದವನೂ ಅವನೇ. ನಾಗರತ್ನಾಳ ತಲೆ, ವೈಶಾಲಿಯ ಕೈ, ಮಲ್ಲವ್ವನ ನಿಜ ಆಡುವ ಬಾಯಿ. ಇದರಲ್ಲಿ ಯಾವುದು ದೊಡ್ಡದು ಎಂದು ಆ ಬಿಲ್ಡಿಂಗಿನವರು ಇನ್ನೂ ವಾದ ಮಾಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಒಂದು ಸಲ ನಿಮ್ಮ ಮನೆಯ ಓವನ್ನಿನ ಹಿಂದೆ ಇಣುಕಿ ನೋಡಿ. ಕಿಂಡಿಯ ಮೇಲೆ ಬಟ್ಟೆ, ಡಬ್ಬಿ, ರೊಟ್ಟಿ ಏನಿದ್ದರೂ ತೆಗೆಯಿರಿ. ಗೋಡೆಗೆ ಒತ್ತಿ ಇಟ್ಟಿದ್ದರೆ ಮುಂದಕ್ಕೆ ಎಳೆಯಿರಿ. ಬೇಯಿಸಿದ ಮೇಲೆ ಫ್ಯಾನ್ ತಿರುಗುತ್ತಿದ್ದರೆ ತಿರುಗಲು ಬಿಡಿ. ಸದ್ದು ಬದಲಾದರೆ, ಗಾಳಿ ಬರದಿದ್ದರೆ, ಓವನ್ ನಡುವೆ ತಾನಾಗಿ ನಿಂತರೆ, ಪ್ಲಗ್ ಕಿತ್ತು ತಿಳಿದವರನ್ನು ಕರೆಯಿರಿ. “ಇದೊಂದೇ ಸಲ” ಎಂದು ಹಚ್ಚಬೇಡಿ, ನೀವೇ ಬಿಚ್ಚಲೂ ಬೇಡಿ.

ಆ ಓವನ್ನಿನ ಮುಂದೆ ನಿಂತು ದುಡಿಯುವ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲೂ ಇದ್ದಾಳು. ಕೆಟ್ಟಿರುವುದು ಬರೀ ಒಂದು ಫ್ಯಾನ್ ಇರಬಹುದು. ಅಷ್ಟಕ್ಕೇ ಆಕೆಗೆ “ಸಾಕು ಮಾಡು” ಅನ್ನಬೇಡಿ.